ಬ್ರೇಕ್ ಎತ್ತುವ ಗಾಡಿ: ಶಿರಸಿ ಗ್ಯಾರೇಜಿನಿಂದ ವಿಮಾನದ ಹ್ಯಾಂಗರ್‌ವರೆಗೆ

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಟಾರ್ಕ್‌ಗೆ ಕನ್ನಡದಲ್ಲಿ ಏನಂತಾರೆ ಅಂತ ಮಾತ್ರ ಕೇಳಬೇಡಿ.

ಶಿರಸಿಯಲ್ಲಿ ನನ್ನ ಸೋದರಮಾವನ ಲಾರಿ ಗ್ಯಾರೇಜ್ ಇದೆ. ಕಳೆದ ರಜೆಯಲ್ಲಿ ಸಿದ್ದಾಪುರದಿಂದ ಬಂದ ಒಂದು ಲಾರಿಯ ಹಿಂದಿನ ಬ್ರೇಕ್ ಡ್ರಮ್ ಬಿಚ್ಚುವಾಗ ನಾನೂ ಕೈ ಹಾಕಿದೆ. ಡ್ರಮ್ ಜಾರಿತು. "ತಮಾ, ಕೈ ತೆಗಿ!" ಅಂತ ಮಾವ ಕೂಗಿದ್ದಕ್ಕೆ ನನ್ನ ಬೆರಳು ಉಳಿಯಿತು. ಆದರೆ ಅದನ್ನು ಹಿಡಿಯಲು ಹೋದ ಮಾವನ ಸೊಂಟ ಹಿಡಿದುಕೊಂಡಿತು. ಹದಿನೈದು ದಿನ ಗ್ಯಾರೇಜ್ ಬಂದ್. ಮಲಗಿದಲ್ಲೇ ಮಾವ ಕೇಳಿದ: "ವಿಮಾನದ ಬ್ರೇಕನ್ನೂ ಹೀಗೇ ತಬ್ಬಿಕೊಂಡು ತೆಗೀತಾರೇನೋ?" ನನಗೆ ಗೊತ್ತಿರಲಿಲ್ಲ. ಹುಡುಕಿ ಓದಿದ್ದನ್ನು ಇಲ್ಲಿ ಬರೀತಾ ಇದ್ದೇನೆ.

ಮೊದಲು ಒಂದು ಲೆಕ್ಕ. ಯಲ್ಲಾಪುರದಿಂದ ಅರಬೈಲ್ ಘಾಟ್ ಇಳಿದು ಅಂಕೋಲಾ ಕಡೆ ಹೋಗುವ ಲೋಡ್ ಲಾರಿ 18 ಟನ್ ಅಂದುಕೊಳ್ಳಿ, ಇಳಿಯೋದು ಸುಮಾರು 500 ಮೀಟರ್. ಎಂ-ಜಿ-ಎಚ್ ಹಾಕಿದರೆ 88 ಮೆಗಾಜೂಲ್. ಇದರಲ್ಲಿ ಒಂದಿಷ್ಟನ್ನು ಗೇರಿನಲ್ಲಿ ಹಿಡಿದ ಎಂಜಿನ್ ತಿನ್ನುತ್ತೆ, ಉಳಿದದ್ದು ಡ್ರಮ್ಮಿಗೆ. ಈಗ ಹುಬ್ಬಳ್ಳಿಯಲ್ಲಿ ಇಳಿಯುವ ಎ320 ವಿಮಾನ ನೋಡಿ. 64 ಟನ್, ನೆಲ ಮುಟ್ಟುವಾಗ ಸೆಕೆಂಡಿಗೆ 70 ಮೀಟರ್ ಅಂದರೂ ಚಲನಶಕ್ತಿ 157 ಮೆಗಾಜೂಲ್. ಬ್ರೇಕ್ ಇರೋದು ನಾಲ್ಕೇ ಚಕ್ರಕ್ಕೆ. ಲಾರಿಗೆ ಇಡೀ ಘಾಟ್ ಸಿಗುತ್ತೆ, ವಿಮಾನಕ್ಕೆ ಸಿಗೋದು ಅರ್ಧ ನಿಮಿಷ. ರಿವರ್ಸ್ ಥ್ರಸ್ಟ್, ಗಾಳಿಯ ತಡೆ ಸ್ವಲ್ಪ ಹಂಚಿಕೊಳ್ಳುತ್ತವೆ ನಿಜ. ಆದರೆ ಟೇಕಾಫನ್ನು ಅರ್ಧಕ್ಕೆ ಕೈಬಿಡುವ ಪರೀಕ್ಷೆಯಲ್ಲಿ ರಿವರ್ಸ್ ಥ್ರಸ್ಟ್ ಸಹಾಯ ಇಲ್ಲದೆ ಬ್ರೇಕೇ ನಿಲ್ಲಿಸಿ ತೋರಿಸಬೇಕು.

ಅಷ್ಟು ಶಾಖ ಹೀರಬೇಕೆಂದರೆ ದಪ್ಪ ವಸ್ತು ಬೇಕೇ ಬೇಕು. ಅದಕ್ಕೇ ಒಂದು ಡಿಸ್ಕ್ ಅಲ್ಲ, ಡಿಸ್ಕುಗಳ ರಾಶಿ: ಒಂದು ಚಕ್ರದ ಜೊತೆ ತಿರುಗೋದು, ಪಕ್ಕದ್ದು ತಿರುಗದೇ ನಿಲ್ಲೋದು, ಮತ್ತೆ ತಿರುಗೋದು. ಹೈಡ್ರಾಲಿಕ್ ಪಿಸ್ಟನ್‌ಗಳು ಎಲ್ಲವನ್ನೂ ಒಟ್ಟಿಗೆ ಒತ್ತುತ್ತವೆ. ಹಳೆಯದು ಸ್ಟೀಲ್, ಹೊಸದು ಕಾರ್ಬನ್. ಬೋಯಿಂಗ್ 737ರ ಹೆವಿ ಸ್ಟೀಲ್ ಬ್ರೇಕ್ ಬದಲು ಕಾರ್ಬನ್ ಹಾಕಿದರೆ ವಿಮಾನಕ್ಕೆ ಸುಮಾರು 320 ಕೆ.ಜಿ. ಉಳಿತಾಯ ಅಂತ ಕಂಪನಿಯೇ ಹೇಳಿದೆ. ಅದಕ್ಕೂ ನಾಲ್ಕೇ ಬ್ರೇಕ್, ಅಂದರೆ ಒಂದಕ್ಕೆ 80 ಕೆ.ಜಿ. ಉಳಿತಾಯವೇ ಇಷ್ಟಾದರೆ ಮೂಲ ಬ್ರೇಕ್ ಎಷ್ಟಿರಬೇಕು! 2022ರ ಅಕ್ಟೋಬರಿನಿಂದ ಬೆಂಗಳೂರಿಗೆ ಬರುತ್ತಿರುವ ಎ380ಗೆ ಬ್ರೇಕ್ ಇರುವ ಚಕ್ರ 16.

ಬ್ರೇಕ್ ಸವೆದಿದೆಯಾ ಅಂತ ನೋಡಲು ಒಂದು ಸಣ್ಣ ಪಿನ್ ಇರುತ್ತೆ. ಪಾರ್ಕಿಂಗ್ ಬ್ರೇಕ್ ಹಾಕಿದಾಗ ಅದು ಹೌಸಿಂಗ್ ಮಟ್ಟಕ್ಕೆ ಬಂದರೆ ಬದಲಿಸಬೇಕು. ಇಡೀ ವಿಮಾನ ಎತ್ತಬೇಕಿಲ್ಲ. ಉಳಿದ ಚಕ್ರಗಳಿಗೆ ಚಾಕ್ ಕೊಟ್ಟು (ನಮ್ಮ ಲಾರಿಗೆ ಕಲ್ಲು ಕೊಟ್ಟಂತೆ), ಆ ಕಾಲಿನ ಕೆಳಗೆ ಜಾಕ್ ಇಟ್ಟು, ಚಕ್ರ ನೆಲ ಬಿಡುವಷ್ಟು ಎತ್ತಿದರೆ ಸಾಕು. ಬ್ರೇಕ್ ತಣ್ಣಗಾಗಿರಬೇಕು, ಬಿಸಿ ಚಕ್ರದ ಹತ್ತಿರ ಪಕ್ಕದಿಂದ ಹೋಗಬಾರದು, ಮುಂದಿನಿಂದ ಅಥವಾ ಹಿಂದಿನಿಂದ ಹೋಗಬೇಕು. ಟೈರ್ ಗಾಳಿ ಇಳಿಸಿ ಚಕ್ರ ತೆಗೆದು, ಒತ್ತಡ ಇಳಿಸಿ ಹೈಡ್ರಾಲಿಕ್ ಪೈಪ್ ಬಿಚ್ಚಿದ ಮೇಲೆ ಬ್ರೇಕನ್ನು ಆಕ್ಸಲ್ ಮೇಲಿಂದ ನೇರವಾಗಿ ಹೊರಗೆ ಎಳೆಯಬೇಕು.

ತಾಪತ್ರಯ ಇರೋದೇ ಇಲ್ಲಿ. ಮೇಲೆ ರೆಕ್ಕೆ ಇದೆ, ಚೈನ್ ಪುಲ್ಲಿ ನೇತುಹಾಕಲು ಜಾಗ ಇಲ್ಲ. ಬ್ರೇಕ್ ಸ್ವಲ್ಪ ಓರೆಯಾದರೂ ಆಕ್ಸಲ್ ತುದಿಯ ಥ್ರೆಡ್ ಕೆರೆಯುತ್ತೆ, ಆಗ ದುಬಾರಿ ಆಕ್ಸಲ್ಲಿಗೇ ಪೆಟ್ಟು. ಅದಕ್ಕೆ ಥ್ರೆಡ್ ಮೇಲೆ ಒಂದು ಟೋಪಿ ಹಾಕುತ್ತಾರೆ, ಬ್ರೇಕಿನ ಕೆಳಗೆ ತಗ್ಗಿನ ತಳ್ಳುಗಾಡಿ ತರುತ್ತಾರೆ. ಗಾಡಿಯ ತೊಟ್ಟಿಲು ಬ್ರೇಕನ್ನು ಹಿಡಿದುಕೊಳ್ಳುತ್ತೆ. ಮೇಲೆ-ಕೆಳಗೆ, ಓರೆ, ತಿರುಗಿಸೋದು, ಮೂರೂ ಆಗಬೇಕು. ಗಾಡಿಯ ಮುಂದಿನ ಚಕ್ರಗಳು ಬ್ರೇಕಿನ ಗುರುತ್ವಕೇಂದ್ರಕ್ಕಿಂತ ಮುಂದೆ ಇರಬೇಕು, ಇಲ್ಲದಿದ್ದರೆ ಗಾಡಿಯೇ ಮುಗ್ಗರಿಸುತ್ತೆ. ಆದರೆ ಮುಂದೆ ಜಾಕ್ ನಿಂತಿದೆ! ಅದನ್ನು ಬಳಸಿ ಹೋಗುವಂತೆ ಗಾಡಿಯ ಕಾಲುಗಳನ್ನು ಡಿಸೈನ್ ಮಾಡಬೇಕು.

ಎತ್ತುವ ಕೆಲಸಕ್ಕೆ ಪಾಸ್ಕಲ್ ಸಾಕು. 10 ಮಿ.ಮೀ. ಸಣ್ಣ ಪಿಸ್ಟನ್, 40 ಮಿ.ಮೀ. ದೊಡ್ಡದು, ವಿಸ್ತೀರ್ಣ 16 ಪಟ್ಟು. ಹಿಡಿಕೆಯ ಸನ್ನೆ 10 ಪಟ್ಟು ಕೊಟ್ಟರೆ ಒಟ್ಟು 160. ಘರ್ಷಣೆ ಬಿಟ್ಟರೆ 100 ಕೆ.ಜಿ.ಗೆ ಒಂದು ಕೆ.ಜಿ.ಯಷ್ಟೂ ಬಲ ಬೇಡ. ಕ್ಲಾಸಿನಲ್ಲಿ ಇಲ್ಲಿಗೇ ನಿಲ್ಲಿಸ್ತಾರೆ. ನನಗೆ ಖುಷಿ ಕೊಟ್ಟಿದ್ದು ಇದರ ಇನ್ನೊಂದು ಮುಖ: ಸಣ್ಣ ಪಿಸ್ಟನ್ 20 ಮಿ.ಮೀ. ಸರಿದರೆ ದೊಡ್ಡದು ಏರೋದು 1.25 ಮಿ.ಮೀ. ಮಾತ್ರ. ಬೋಲ್ಟ್ ತೂತಿಗೆ ತೂತು ಕೂಡಿಸಲು ಬೇಕಾಗಿದ್ದೇ ಈ ನಿಧಾನ. ಮಾವನ ತೋಳಿಗೆ ನೂರು ಕೆ.ಜಿ. ಎತ್ತೋ ತಾಕತ್ತು ಇತ್ತು, ಎತ್ತಿಕೊಂಡೇ 1 ಮಿ.ಮೀ. ಸರಿಸಲು ಆಗಲಿಲ್ಲ.

ಈಗ ನಾವು ಮೂವರು ಮಿನಿ ಪ್ರಾಜೆಕ್ಟಿಗೆ ಲಾರಿ ಡ್ರಮ್ಮಿನ ಗಾಡಿ ಮಾಡ್ತಾ ಇದ್ದೇವೆ. ಹಳೇ ಬಾಟಲ್ ಜಾಕ್, ಎರಡು ಪೈಪ್ ರೋಲರ್. ಡ್ರಮ್ ಅವುಗಳ ಮೇಲೆ ಕೂತು ತಿರುಗುತ್ತೆ, ತೂತು ಹೊಂದಿಸಲು ಸುಲಭ. ಡ್ರಾಯಿಂಗ್ ನೋಡಿ ಮಾವ ನಕ್ಕ: "ಈ ಚಕ್ರ ನಿಮ್ಮ ಲ್ಯಾಬ್ ನೆಲಕ್ಕೆ ಸರಿ. ಮಳೆಗಾಲದಲ್ಲಿ ನನ್ನ ಗ್ಯಾರೇಜ್ ನೋಡಿದ್ದೀಯಲ್ಲ?" ಮಣ್ಣುನೆಲದಲ್ಲಿ ಸಣ್ಣ ಚಕ್ರ ಹೂತುಹೋಗುತ್ತೆ, ದೊಡ್ಡದು ಹಾಕಿದರೆ ಗಾಡಿ ಡ್ರಮ್ ಕೆಳಗೆ ಹೋಗಲ್ಲ. ಸದ್ಯಕ್ಕೆ ನೆಲಕ್ಕೆ ಒಂದು ಕಬ್ಬಿಣದ ಹಲಗೆ ಹಾಸೋಣ ಅಂತಿದ್ದೇವೆ. ಬೇರೆ ಉಪಾಯ ಹೊಳೆದವರು, ಮತ್ತೆ ವೆಲ್ಡಿಂಗ್ ಬರುವವರು, ಶನಿವಾರ ವರ್ಕ್‌ಶಾಪ್ ಹತ್ತಿರ ಸಿಗಿ.