ಮೂತ್ರದ ಬಣ್ಣ ಬದಲಾದಾಗ

ಮೂತ್ರದ ವಿಷಯವನ್ನು ಬಾಯಿ ಬಿಟ್ಟು ಆಡುವುದು ನಮ್ಮಲ್ಲಿ ರೂಢಿಯಲ್ಲ. ಗಂಡನಿಗೆ ಹೆಂಡತಿ ಹೇಳುವುದಿಲ್ಲ. ಹೆಂಡತಿಗೆ ಗಂಡ ಹೇಳುವುದಿಲ್ಲ. ಹೇಳಿದರೂ 'ಉಷ್ಣವಾಗಿದೆ' ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಹಳದಿಯಾದರೂ ಉಷ್ಣ, ಕೆಂಪಾದರೂ ಉಷ್ಣ, ಉರಿದರೂ ಉಷ್ಣ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚಿ, ಎಳನೀರು ಕುಡಿದು ಕಾಯುತ್ತಾರೆ. ಎಳನೀರಿನಿಂದ ಸಾಮಾನ್ಯವಾಗಿ ಹಾನಿಯೇನೂ ಇಲ್ಲ. ಎಷ್ಟೋ ವೇಳೆ ಗುಣವೂ ಕಾಣುತ್ತದೆ. ಆದರೆ ಕೆಲವು ಸಂದರ್ಭಗಳಲ್ಲಿ ಹೀಗೆ ಕಾದು ಕಳೆದ ದಿನಗಳನ್ನು ಮರಳಿ ಪಡೆಯಲಾಗುವುದಿಲ್ಲ. ಯಾವ ಬಣ್ಣಕ್ಕೆ ನೀರು ಸಾಕು, ಯಾವ ಬಣ್ಣಕ್ಕೆ ವೈದ್ಯರು ಬೇಕು ಎಂಬುದನ್ನು ದಂಪತಿಗಳಿಬ್ಬರೂ ಅರಿತಿರಬೇಕು.

ಬಣ್ಣ ಬರುವ ಬಗೆ

ಬೆನ್ನುಮೂಳೆಯ ಎರಡು ಪಕ್ಕಗಳಲ್ಲಿ ಅವರೆಬೀಜದ ಆಕಾರದ ಎರಡು ಮೂತ್ರಪಿಂಡಗಳಿವೆ. ಇವು ಹಗಲಿರುಳು ರಕ್ತವನ್ನು ಸೋಸುತ್ತಿರುತ್ತವೆ. ದಿನವೊಂದಕ್ಕೆ ಸುಮಾರು 180 ಲೀಟರಿನಷ್ಟು ದ್ರವವು ಇವುಗಳಲ್ಲಿ ಸೋಸಲ್ಪಡುತ್ತದೆ. ಅದರಲ್ಲಿ ಬಹುಪಾಲು ಮತ್ತೆ ರಕ್ತವನ್ನೇ ಸೇರಿ, ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ರಕ್ತದ ಕೆಂಪು ಕಣಗಳ ಆಯುಸ್ಸು ಸುಮಾರು 120 ದಿನಗಳು. ಸವೆದ ಕಣಗಳು ಒಡೆದಾಗ ಹುಟ್ಟುವ ಹಳದಿ ವಸ್ತುವನ್ನು ಪಿತ್ತಜನಕಾಂಗವು ಪಿತ್ತದ ಮೂಲಕ ಕರುಳಿಗೆ ಕಳುಹಿಸುತ್ತದೆ. ಅದು ಅಲ್ಲಿ ರೂಪಾಂತರ ಹೊಂದಿ ಮಲಕ್ಕೆ ಬಣ್ಣ ಕೊಡುತ್ತದೆ. ಅದರ ಅಲ್ಪಭಾಗವು ಮೂತ್ರಪಿಂಡಗಳನ್ನು ತಲುಪಿ ಮೂತ್ರಕ್ಕೆ ಒಣಹುಲ್ಲಿನ ತೆಳು ಹಳದಿಯನ್ನು ಕೊಡುತ್ತದೆ. ಆರೋಗ್ಯವಂತರ ಮೂತ್ರದ ಬಣ್ಣವಿದು.

ನೀರಿನ ಕೊರತೆ

ಬಿಸಿಲಿನಲ್ಲಿ ದುಡಿಯುವವರ ನೀರು ಬೆವರಾಗಿ ಹೋಗುತ್ತದೆ. ಆಗ ಮೂತ್ರಪಿಂಡಗಳು ನೀರನ್ನು ಉಳಿಸಿಕೊಂಡು, ಗಟ್ಟಿಯಾದ ಕಡು ಹಳದಿ ಮೂತ್ರವನ್ನು ಸ್ವಲ್ಪವೇ ಬಿಡುತ್ತವೆ. ವಾಂತಿಭೇದಿ, ಜ್ವರಗಳಲ್ಲಿಯೂ ಹೀಗೆಯೇ. ಜನರು 'ಉಷ್ಣ' ಎನ್ನುವುದು ಬಹುಮಟ್ಟಿಗೆ ಇದನ್ನೇ. ಕಾಯಿಸಿ ಆರಿಸಿದ ನೀರು, ನೀರುಮಜ್ಜಿಗೆ, ರಾಗಿ ಅಂಬಲಿ ಯಾವುದಾದರೂ ಸರಿ, ಧಾರಾಳವಾಗಿ ಕುಡಿದರೆ ಒಂದು ದಿನದೊಳಗೆ ಬಣ್ಣ ತಿಳಿಯಾಗುತ್ತದೆ. ತಿಳಿಯಾಗದಿದ್ದರೆ ಕಾರಣ ಬೇರೆಯೆಂದು ತಿಳಿಯಬೇಕು. ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ಎಷ್ಟು ನೀರು ಕುಡಿಯಬೇಕೆಂದು ವೈದ್ಯರನ್ನು ಕೇಳತಕ್ಕದ್ದು. ಎಳನೀರನ್ನೂ ಅವರು ಕೇಳದೆ ಕುಡಿಯಬಾರದು.

ಹೆಂಗಸರ ವಿಷಯದಲ್ಲಿ ಇನ್ನೊಂದು ಮಾತಿದೆ. ಹೊಲದಲ್ಲಿ ಮರೆಯಿಲ್ಲ, ಹಗಲಿನಲ್ಲಿ ಹೊರಗೆ ಹೋಗಲಾಗದು ಎಂದು ಅನೇಕರು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಮುಟ್ಟುವುದಿಲ್ಲ; ಬಂದ ಮೂತ್ರವನ್ನೂ ತಡೆದುಕೊಳ್ಳುತ್ತಾರೆ. ಮೂತ್ರಕೋಶದಲ್ಲಿ ನಿಂತ ಮೂತ್ರದಲ್ಲಿ ರೋಗಾಣುಗಳು ಬೆಳೆಯುತ್ತವೆ. ಗಟ್ಟಿಯಾದ ಮೂತ್ರದಲ್ಲಿ ಕಲ್ಲುಗಳು ಕಟ್ಟುತ್ತವೆ. ಶೌಚಾಲಯವನ್ನು ಕಟ್ಟಿಸಿ ಅದರಲ್ಲಿ ಸೌದೆ, ಹೊಟ್ಟು ತುಂಬಿಟ್ಟ ಮನೆಗಳು ಇಂದಿಗೂ ಇವೆ. ಅದನ್ನು ಖಾಲಿ ಮಾಡಿಸುವುದು ಮನೆಯ ಯಜಮಾನನ ಕೆಲಸ.

ಆಹಾರ, ಔಷಧಿಗಳಿಂದ ಬರುವ ಬಣ್ಣ

ಬೀಟ್‌ರೂಟ್ ತಿಂದ ಮರುದಿನ ಕೆಲವರ ಮೂತ್ರ ಗುಲಾಬಿಯಾಗುತ್ತದೆ. ಬಿ-ಕಾಂಪ್ಲೆಕ್ಸ್ ಮಾತ್ರೆಯಿಂದ ಹೊಳೆಯುವ ಹಳದಿಯಾಗುತ್ತದೆ. ಮೆಟ್ರೊನಿಡಜೋಲ್ ಮಾತ್ರೆಯಿಂದ ಕಂದು ಛಾಯೆ ಬರಬಹುದು. ಇವುಗಳಿಂದ ಭಯವಿಲ್ಲ.

ಕ್ಷಯರೋಗಕ್ಕೆ ಕೊಡುವ ರಿಫಾಂಪಿಸಿನ್ ಔಷಧಿಯನ್ನು ಮಾತ್ರ ವಿವರವಾಗಿ ಹೇಳಬೇಕಾಗಿದೆ. ಇದನ್ನು ಸೇವಿಸುವವರ ಮೂತ್ರ ಕಿತ್ತಳೆ ಕೆಂಪಾಗುತ್ತದೆ. ಬೆವರು, ಕಣ್ಣೀರಿಗೂ ಆ ಬಣ್ಣ ಬರುತ್ತದೆ. ರಕ್ತ ಹೋಗುತ್ತಿದೆಯೆಂದು ಹೆದರಿ ಕೆಲವರು ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಹೀಗೆ ನಿಲ್ಲಿಸಿದರೆ ರೋಗವು ಔಷಧಿಗೆ ಬಗ್ಗದಂತಾಗಬಹುದು. ಎರಡನೆಯದಾಗಿ, ಈ ಔಷಧಿಯು ಸಂತಾನ ನಿಯಂತ್ರಣದ ನುಂಗುವ ಗುಳಿಗೆಗಳ ಶಕ್ತಿಯನ್ನು ಕುಂದಿಸುತ್ತದೆ. ಮಾಲಾ-ಎನ್ ನುಂಗುತ್ತಿದ್ದರೂ ಗರ್ಭ ನಿಲ್ಲಬಹುದು. ಆದುದರಿಂದ ಕ್ಷಯದ ಚಿಕಿತ್ಸೆ ಪಡೆಯುವ ಸ್ತ್ರೀಯು ಮೊದಲ ದಿನವೇ ತಾನು ಯಾವ ವಿಧಾನವನ್ನು ಅನುಸರಿಸುತ್ತಿರುವೆನೆಂದು ತಿಳಿಸಿ, ಕಾಪರ್-ಟಿಯನ್ನೋ ನಿರೋಧನ್ನೋ ಆಯ್ದುಕೊಳ್ಳುವುದು ಉಚಿತ. ಮೂತ್ರವು ಚಹಾ ಡಿಕಾಕ್ಷನ್ನಿನಂತೆ ಕಪ್ಪಗಾಗಿ, ಹಸಿವು ಇಂಗಿ, ವಾಂತಿಯಾಗತೊಡಗಿದರೆ ಮಾತ್ರ ಅದು ಔಷಧಿಯ ಬಣ್ಣವಲ್ಲ. ಪಿತ್ತಜನಕಾಂಗಕ್ಕೆ ತೊಂದರೆಯಾಗಿರುವ ಸೂಚನೆ. ಅದೇ ದಿನ ಬಂದು ತೋರಿಸಬೇಕು.

ಉರಿ ಮತ್ತು ಕದಡಿದ ಮೂತ್ರ

ಹೆಂಗಸರ ಮೂತ್ರದ್ವಾರದ ನಾಳವು ಸುಮಾರು 4 ಸೆಂಟಿಮೀಟರ್ ಉದ್ದವಿದ್ದರೆ ಗಂಡಸರಲ್ಲಿ ಅದು ಸುಮಾರು 20 ಸೆಂಟಿಮೀಟರ್ ಇರುತ್ತದೆ. ಮಲದ್ವಾರದ ಸುತ್ತಲಿನ ರೋಗಾಣುಗಳು ಹೆಂಗಸರ ಮೂತ್ರಕೋಶವನ್ನು ಸುಲಭವಾಗಿ ತಲುಪುವುದು ಈ ಕಾರಣದಿಂದ. ಆಗ ಮೂತ್ರವು ಕದಡಿ, ದುರ್ವಾಸನೆಯಿಂದ ಕೂಡಿ, ಪದೇ ಪದೇ ಹನಿಹನಿಯಾಗಿ ಉರಿಯೊಡನೆ ಬರುತ್ತದೆ. ಕೆಲವೊಮ್ಮೆ ಕೆಂಪಗೂ ಇರುತ್ತದೆ. ಮದುವೆಯಾದ ಹೊಸದರಲ್ಲಿ ಇದು ಬಹಳ ಸಾಮಾನ್ಯ. ದಾಂಪತ್ಯದ ಕೂಟದಲ್ಲಿ ರೋಗಾಣುಗಳು ಮೇಲಕ್ಕೆ ತಳ್ಳಲ್ಪಡುತ್ತವೆ. ತಿಳಿಯದ ಮನೆಗಳಲ್ಲಿ ಸೊಸೆಯ ನಡತೆಯ ಮೇಲೆ ಸಂಶಯ ಹುಟ್ಟಿ, ಹುಡುಗಿಯನ್ನು ತವರಿಗೆ ಕಳುಹಿಸುವಷ್ಟು ದೂರ ಮಾತು ಬೆಳೆಯುವುದುಂಟು. ಈ ಉರಿಯಿಂದ ಯಾರ ನಡತೆಯನ್ನೂ ಅಳೆಯಲಾಗದು. ಕೂಟದ ನಂತರ ಮೂತ್ರ ವಿಸರ್ಜಿಸುವುದು, ಶೌಚದ ನಂತರ ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳುವುದು, ಸಾಕಷ್ಟು ನೀರು ಕುಡಿಯುವುದು ಇದಕ್ಕೆ ತಡೆ. ಬಂದ ಮೇಲೆ ಕೆಲವು ದಿನಗಳ ಮಾತ್ರೆಯಿಂದ ವಾಸಿಯಾಗುತ್ತದೆ. ಚಳಿಜ್ವರ, ಪಕ್ಕೆನೋವು ಸೇರಿದರೆ ಸೋಂಕು ಮೂತ್ರಪಿಂಡಕ್ಕೆ ಏರಿದೆಯೆಂದು ಅರ್ಥ, ತಡಮಾಡಬಾರದು. ಗಂಡನಿಗೆ ಮೂತ್ರದ್ವಾರದಿಂದ ಕೀವು ಬರುತ್ತಿದ್ದರೆ ಅದು ಬೇರೆ ರೋಗ. ಇಬ್ಬರೂ ಒಟ್ಟಿಗೇ ಚಿಕಿತ್ಸೆ ಪಡೆಯದ ಹೊರತು ಗುಣವಾಗದು.

ಗಂಡಸರನ್ನು ಕಾಡುವ ಭಯವೆಂದರೆ 'ಧಾತು ಹೋಗುವುದು'. ಊಟವಾದ ಮೇಲೆ ಮೂತ್ರದಲ್ಲಿ ಲವಣಗಳು ಹೆಚ್ಚಿ ಬೆಳ್ಳಗೆ ಕಾಣುವುದುಂಟು. ಕೂಟದ ನಂತರ ನಾಳದಲ್ಲಿ ಉಳಿದ ವೀರ್ಯ ಮೂತ್ರದೊಡನೆ ಬರುವುದೂ ಉಂಟು. ಇದರಿಂದ ಶಕ್ತಿಯೂ ಹೋಗುವುದಿಲ್ಲ, ಸಂತಾನಕ್ಕೂ ಅಡ್ಡಿಯಿಲ್ಲ. ಸಂತೆಯಲ್ಲಿ ಗುಡಾರ ಹಾಕಿ ಇದಕ್ಕೆ ಲೇಹ್ಯ ಮಾರುವವರಿಗೆ ಕೊಡುವ ಹಣದಲ್ಲಿ ಮಕ್ಕಳಿಗೆ ಹಾಲು, ಮೊಟ್ಟೆ ತರುವುದು ಲೇಸು. ಆದರೆ ಮೂತ್ರವು ನಿಜವಾಗಿಯೂ ಹಾಲಿನಂತೆಯೇ ಇದ್ದರೆ, ವಿಶೇಷವಾಗಿ ಆನೆಕಾಲು ರೋಗವು ಹಿಂದಿನಿಂದಲೂ ಕಂಡುಬಂದಿರುವ ಕಲಬುರಗಿ, ಯಾದಗಿರಿ, ಬೀದರ್ ಮುಂತಾದ ಕಡೆಗಳವರು, ಪರೀಕ್ಷೆ ಮಾಡಿಸಿಕೊಳ್ಳಬೇಕು.

ಕೆಂಪು ಮೂತ್ರ

ಮುಟ್ಟಿನ ಅಥವಾ ಬಾಣಂತನದ ಸ್ರಾವವು ಬೆರೆತು ಮೂತ್ರ ಕೆಂಪಾಗಿ ಕಾಣಬಹುದು. ಮೊದಲು ಅದನ್ನು ವಿಚಾರಿಸಬೇಕು. ಪಕ್ಕೆಯಿಂದ ತೊಡೆಯ ಸಂದಿಗೆ ಇಳಿಯುವ, ಹೊರಳಾಡಿಸುವ ನೋವಿನೊಡನೆ ರಕ್ತ ಬಂದರೆ ಹೆಚ್ಚಾಗಿ ಕಲ್ಲು. ಚಿಕ್ಕ ಮಕ್ಕಳಲ್ಲಿ ಗಂಟಲುನೋವು ಅಥವಾ ಕೀವುಗಟ್ಟಿದ ಕಜ್ಜಿಯಾದ ಕೆಲವು ವಾರಗಳ ಮೇಲೆ ಮೂತ್ರವು ಮಾಂಸ ತೊಳೆದ ನೀರಿನಂತಾಗಿ, ಬೆಳಿಗ್ಗೆ ಮುಖ ಊದಿಕೊಂಡರೆ ಅದು ಮೂತ್ರಪಿಂಡದ ಉರಿಯೂತ. ಕಜ್ಜಿಯನ್ನು ಅಲಕ್ಷಿಸಬಾರದೆನ್ನುವುದು ಇದಕ್ಕಾಗಿ.

ಹೊಲದಲ್ಲಿ ಕೊಳಕುಮಂಡಲದ ಹಾವು ಕಚ್ಚಿದವರ ಮೂತ್ರ ಕೆಂಪಾಗುವುದು, ಕಡಿಮೆಯಾಗುವುದು ಪ್ರಾಣಾಪಾಯದ ಲಕ್ಷಣ. ಹಾವು ಕಚ್ಚಿದವರನ್ನು ಈ ಲಕ್ಷಣಕ್ಕಾಗಿ ಕಾಯದೆ, ಮಂತ್ರ ಹಾಕಿಸದೆ, 108 ವಾಹನದಲ್ಲಿ ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು.

ಇವೆಲ್ಲಕ್ಕಿಂತ ಜನರು ಕಡೆಗಣಿಸುವುದು ನೋವಿಲ್ಲದ ರಕ್ತವನ್ನು. ನಡುವಯಸ್ಸು ದಾಟಿದವರಲ್ಲಿ, ಬೀಡಿ ಸೇದುವವರಲ್ಲಿ, ಒಮ್ಮೆ ಕೆಂಪಾಗಿ ಬಂದು ತಾನಾಗಿಯೇ ನಿಂತುಹೋದ ಮೂತ್ರವು ಮೂತ್ರಕೋಶದ ಅರ್ಬುದರೋಗದ ಮೊದಲ ಗುರುತಾಗಿರಬಹುದು. ನೋವಿಲ್ಲ, ನಿಂತಿತು ಎಂದು ಸುಮ್ಮನಾಗುವವರೇ ಹೆಚ್ಚು. ಆಗಲೇ ಬಂದರೆ ಗುಣಪಡಿಸುವ ಅವಕಾಶ ಬಹಳ.

ಕಾಮಾಲೆ

ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವುದಕ್ಕೆ ಕೆಲವು ದಿನ ಮೊದಲೇ ಮೂತ್ರ ಕಪ್ಪುಮಿಶ್ರಿತ ಹಳದಿಯಾಗುತ್ತದೆ. ಬಿಳಿ ಬಟ್ಟೆಗೆ ತಾಗಿದರೆ ಕಲೆ ನಿಲ್ಲುತ್ತದೆ. ನೀರು ಕುಡಿದರೂ ಪೂರ್ತಿ ತಿಳಿಯಾಗದು. ಕೈಗೆ ಬರೆ ಹಾಕಿಸುವುದು, ಮೂಗಿಗೆ ರಸ ಹಿಂಡಿಸುವುದು, ಉಪ್ಪು ಎಣ್ಣೆ ಬಿಡಿಸಿ ರೋಗಿಯನ್ನು ಬಡಕಲು ಮಾಡುವುದು, ಇವುಗಳಿಂದ ಪ್ರಯೋಜನವಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಮಂದಿಗೆ ತಾನಾಗಿಯೇ ಇಳಿಯುವುದರಿಂದ ಬರೆಗೆ ಹೆಸರು ಬಂದಿದೆ, ಅಷ್ಟೆ. ಗದ್ದೆಯಲ್ಲಿ ದುಡಿಯುವವರಿಗೆ ಜ್ವರ, ಮೀನಖಂಡದ ನೋವು, ಕಾಮಾಲೆ ಒಟ್ಟಿಗೆ ಬಂದರೆ ಇಲಿಜ್ವರವಿರಬಹುದು; ಅದಕ್ಕೆ ಔಷಧಿಯುಂಟು, ಕಾಯುವಂತಿಲ್ಲ.

ಗರ್ಭಿಣಿಗೆ ಕಾಮಾಲೆ ಬಂದರೆ ಮನೆಯಲ್ಲಿ ಒಂದು ದಿನವೂ ಇರಿಸಿಕೊಳ್ಳಬಾರದು. ನೀರಿನಿಂದ ಹರಡುವ 'ಇ' ಬಗೆಯ ಕಾಮಾಲೆಯು ಕೊನೆಯ 3 ತಿಂಗಳಲ್ಲಿ ತಾಯಿಯ ಪ್ರಾಣವನ್ನೇ ತೆಗೆಯಬಲ್ಲದು. 'ಬಿ' ಬಗೆಯದು ರಕ್ತದಿಂದಲೂ ಕೂಟದಿಂದಲೂ ಹರಡಿ, ತಾಯಿಯಿಂದ ಮಗುವಿಗೂ ದಾಟುತ್ತದೆ. ದಂಪತಿಗಳಲ್ಲಿ ಒಬ್ಬರಿಗೆ ಅದಿದ್ದರೆ ಇನ್ನೊಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕು; ಮಗುವಿಗೆ ಹುಟ್ಟಿದ 24 ಗಂಟೆಗಳೊಳಗೆ ಲಸಿಕೆ ಬೀಳಬೇಕು.

ಕಣ್ಣಿಗೆ ಕಾಣದ ಬದಲಾವಣೆ

ಗರ್ಭನಂಜಿನಲ್ಲಿ ಮೂತ್ರದ ಬಣ್ಣ ಬದಲಾಗುವುದೇ ಇಲ್ಲ. ಆದರೂ ಅದರಲ್ಲಿ ಆಲ್ಬುಮಿನ್ ಹೋಗುತ್ತಿರುತ್ತದೆ, ರಕ್ತದ ಒತ್ತಡ ಏರುತ್ತಿರುತ್ತದೆ. ತಲೆನೋವು, ಕಣ್ಣು ಮಂಜಾಗುವುದು, ಮುಖ ಊದುವುದು ಆಮೇಲೆ. ಚಿಕಿತ್ಸೆಯಿಲ್ಲದಿದ್ದರೆ ಅಪಸ್ಮಾರದಂಥ ಸೆಳವು ಬಂದು ತಾಯಿ, ಮಗು ಇಬ್ಬರಿಗೂ ಅಪಾಯ. ಗರ್ಭಿಣಿಯ ಮೂತ್ರವನ್ನು ಪ್ರತಿ ತಪಾಸಣೆಯಲ್ಲಿಯೂ ಕೇಳುವುದು ಇದಕ್ಕಾಗಿ. 'ನನಗೇನೂ ಆಗಿಲ್ಲ, ಏಕೆ ಕೊಡಲಿ?' ಎನ್ನಬಾರದು. ಪ್ರತಿ ತಿಂಗಳ 9ನೆಯ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ಇರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಹೆಂಡತಿಯೊಡನೆ ಗಂಡನೂ ಬರುವುದು ಒಳ್ಳೆಯದು.

ಪರೀಕ್ಷೆಗೆ ಮೂತ್ರ ಕೊಡುವಾಗ ಔಷಧಿಯ ಹಳೆಯ ಸೀಸೆ ಬೇಡ. ಆಸ್ಪತ್ರೆಯಲ್ಲಿ ಕೊಡುವ ಡಬ್ಬಿಯನ್ನೇ ಉಪಯೋಗಿಸಬೇಕು. ಮೊದಲು ನೀರಿನಿಂದ ತೊಳೆದುಕೊಂಡು, ಮೊದಲ ಧಾರೆಯನ್ನು ಬಿಟ್ಟು ನಡುವಿನದನ್ನು ಹಿಡಿದು, ಒಂದು ಗಂಟೆಯೊಳಗೆ ತಂದುಕೊಡಬೇಕು. ಬಣ್ಣ ಎಂದಿನಿಂದ ಬದಲಾಯಿತು, ಯಾವ ಮಾತ್ರೆ ನುಂಗಿದಿರಿ, ಮುಟ್ಟು ಯಾವಾಗ ಆಯಿತು ಎಂಬ ಮೂರು ವಿಷಯಗಳನ್ನು ಕೇಳದಿದ್ದರೂ ಹೇಳಿ.