ತರಗತಿಯ ಗಾಳಿಗೆ ಎರಡು ದಾರಿ ಬೇಕು

ಮಲೆನಾಡಿನಲ್ಲಿ ಪಾಠ ಮಾಡುವ ನಮಗೆ ಮಳೆಗಾಲವಿಡೀ ಒಂದೇ ಚಿಂತೆ: ಎರಚಲು ಒಳಗೆ ಬರಬಾರದು, ಮಕ್ಕಳ ಪುಸ್ತಕ ನೆನೆಯಬಾರದು. ಹಾಗಾಗಿ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಹಳೆಯ ಹಂಚಿನ ಕಟ್ಟಡದಲ್ಲಿ ಇದು ಅಷ್ಟಾಗಿ ಬಾಧಿಸುತ್ತಿರಲಿಲ್ಲ. ಹಂಚಿನ ಸಂದುಗಳಿಂದ, ಗೋಡೆಗೂ ಮಾಡಿಗೂ ನಡುವಿನ ತೆರವಿನಿಂದ ಬಿಸಿಗಾಳಿ ತಾನಾಗಿ ಹೊರಹೋಗುತ್ತಿತ್ತು. ಆರ್‌ಸಿಸಿ ಕೊಠಡಿಗೆ ಬಂದಮೇಲೆ ಸೋರುವುದು ನಿಂತಿತು, ಆ ದಾರಿಯೂ ಮುಚ್ಚಿತು. ಮಧ್ಯಾಹ್ನದ ಹೊತ್ತಿಗೆ ಒದ್ದೆ ಬಟ್ಟೆಯ ಮುಗ್ಗಲು ವಾಸನೆ, ತಲೆನೋವು, ತೂಕಡಿಕೆ. ಒಂದು ಮಗುವಿಗೆ ಶೀತವಾದರೆ ಕೆಲವೇ ದಿನಗಳಲ್ಲಿ ಇಡೀ ಸಾಲಿಗೆ ಕೆಮ್ಮು.

ಕೋವಿಡ್ ನಂತರ ಇಂಗಾಲದ ಡೈಆಕ್ಸೈಡ್ ಅಳೆಯುವ ಪುಟ್ಟ ಮೀಟರೊಂದನ್ನು ಗೆಳೆಯರಿಂದ ಎರವಲು ತಂದೆ. ಬಯಲಿನಲ್ಲಿ ಸುಮಾರು 420 ಪಿಪಿಎಂ ತೋರಿಸಿದ ಅದು ಮುಚ್ಚಿದ ತರಗತಿಯಲ್ಲಿ 2,400 ದಾಟಿತು. ನಾವು ಬಿಡುವ ಉಸಿರಿನಲ್ಲಿ ಈ ಅನಿಲ ಸುಮಾರು ಶೇ. 4, ಅಂದರೆ 40,000 ಪಿಪಿಎಂ. ಲೆಕ್ಕ ಹಾಕಿದರೆ, ಆ ಕೊಠಡಿಯ ಗಾಳಿಯಲ್ಲಿ ಇಪ್ಪತ್ತರಲ್ಲೊಂದು ಪಾಲು ಆಗಲೇ ಯಾರೋ ಉಸಿರಾಡಿ ಬಿಟ್ಟದ್ದು! ಜರ್ಮನಿಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟ್ಟೆನ್‌ಕೋಫರ್ 1850ರ ದಶಕದಲ್ಲೇ ಕೋಣೆಯ ಗಾಳಿಗೆ 1,000 ಪಿಪಿಎಂ ಮಿತಿ ಸೂಚಿಸಿದ್ದರು. ಅನಿಲ ಆ ಮಟ್ಟದಲ್ಲಿ ವಿಷವೆಂದಲ್ಲ. ಗಾಳಿ ಬದಲಾಗಿಲ್ಲ ಎಂಬುದಕ್ಕೆ ಅದು ಗುರುತು. ಕ್ಷಯ, ದಡಾರ ಹರಡುವುದು ಇಂಥ ಗಾಳಿಯಲ್ಲೇ. ದಡಾರದ ವೈರಾಣು ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಕೋಣೆಯಲ್ಲಿ ಉಳಿಯಬಲ್ಲದು.

ಮೀಟರ್ ಇಟ್ಟುಕೊಂಡು ಕಲಿತದ್ದು ಇಷ್ಟು. ಒಂದೇ ಬದಿಯ ಕಿಟಕಿ ತೆರೆದರೆ ಸಾಲದು. ಎದುರು ಗೋಡೆಯಲ್ಲೂ ತೆರವು ಬೇಕು. ಮಳೆ ಹೊಡೆಯುವ ಕಡೆ ಮುಚ್ಚಿದರೂ ಜಗಲಿ ಕಡೆಯ ಬಾಗಿಲು, ಕಿಟಕಿ ತೆರೆದಿಡಬಹುದು. ಬಣ್ಣ ಮೆತ್ತಿಕೊಂಡು ಅಂಟಿಹೋಗಿದ್ದ ಮೇಲಿನ ವೆಂಟಿಲೇಟರ್‌ಗಳನ್ನು ಬಿಡಿಸಿ ಜಾಲರಿ ಹಾಕಿಸಿದೆವು. ಸಜ್ಜಾ ಇರುವುದರಿಂದ ಅಲ್ಲಿ ಎರಚಲು ಬರಲಿಲ್ಲ, ಬಿಸಿಗಾಳಿಗೆ ದಾರಿಯಾಯಿತು. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಅದೇ ಗಾಳಿ ಸುತ್ತುತ್ತದೆ, ಅಷ್ಟೇ. ಬಿಡುವಿನಲ್ಲಿ ಮಕ್ಕಳನ್ನು ಜಗಲಿಗೆ ಕಳಿಸಿ ಎಲ್ಲವನ್ನೂ ತೆರೆದಿಟ್ಟರೆ ಮೀಟರಿನ ಅಂಕಿ ಬೇಗನೆ ಇಳಿಯುತ್ತದೆ.

“ಮೇಷ್ಟ್ರೇ, ಮಗೂಗೆ ಥಂಡಿ ಹಿಡಿಯುತ್ತೆ” ಎಂದು ತಾಯಂದಿರು ಆತಂಕಪಟ್ಟರು. ಶೀತ ತರುವುದು ವೈರಾಣು, ಅದಕ್ಕೆ ಮುಚ್ಚಿದ ಕೋಣೆಯೇ ಅನುಕೂಲ ಎಂದು ಮೀಟರ್ ತೋರಿಸಿ ವಿವರಿಸಿದೆ. ಸ್ವೆಟರ್ ಹಾಕಿ ಕಳಿಸಿ ಎಂದೆ. ಕಳಿಸಿದರು. ಗೋಡೆಯ ಬೂಷ್ಟು ಕಡಿಮೆಯಾಯಿತು. ತೇವ, ಬೂಷ್ಟುಗಳಿಂದ ಉಬ್ಬಸ ಹೆಚ್ಚುವ ಮಕ್ಕಳಿಗೆ ಇದು ದೊಡ್ಡ ಸಂಗತಿ.

ಕುಡಿಯುವ ನೀರು ಶುದ್ಧವೇ ಎಂದು ನಾವು ಕೇಳುತ್ತೇವೆ. ಗಾಳಿಯ ಬಗ್ಗೆಯೂ ಕೇಳಬೇಕು. ನಿಮ್ಮೂರ ಶಾಲೆಗೆ ಹೊಸ ಕೊಠಡಿ ಮಂಜೂರಾದರೆ ಎಸ್‌ಡಿಎಂಸಿ ಸಭೆಯಲ್ಲಿ ನಕ್ಷೆ ಬಿಡಿಸಿ ಕೇಳಿ: ಗಾಳಿ ಎಲ್ಲಿಂದ ಬರುತ್ತದೆ, ಎಲ್ಲಿಂದ ಹೋಗುತ್ತದೆ? ಎರಡಕ್ಕೂ ಉತ್ತರ ಸಿಗುವವರೆಗೆ ಒಪ್ಪಿಗೆ ಕೊಡಬೇಡಿ.