ಹತ್ತಾಣೆ ಅಗಲದ ಹಳ್ಳ

ನಮ್ಮ ಸೈಟಿನ ಹಿಂದೆ ಹಳ್ಳ ಇದೆ ಎಂಬುದನ್ನು ದಲ್ಲಾಳಿ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ದರೆ ಅವನನ್ನು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಅವನು ಹಳ್ಳವನ್ನು ತೋರಿಸಿಯೇ ಸೈಟು ಮಾರಿದ. “ಈಶಾನ್ಯಕ್ಕೆ ನೀರು ಮೇಡಂ, ಇಂಥ ವಾಸ್ತು ದುಡ್ಡು ಕೊಟ್ರೂ ಸಿಗಲ್ಲ” ಅಂದ. ಮಾವನವರು ಜೇಬಿನಿಂದ ಪುಟ್ಟ ದಿಕ್ಸೂಚಿ ತೆಗೆದು, ಅಂಗೈ ಮೇಲಿಟ್ಟು, ಅತ್ತಿತ್ತ ತಿರುಗಿ ನೋಡಿ ತಲೆಯಾಡಿಸಿದರು. ಮೇ ತಿಂಗಳು. ಹಳ್ಳದಲ್ಲಿ ನೀರಿನ ಬದಲು ಸೊಂಟದೆತ್ತರ ಕಾಂಗ್ರೆಸ್ ಗಿಡ ಬೆಳೆದಿತ್ತು. ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಇದು 2015ರ ಮಾತು, ಬೆಂಗಳೂರಿನ ಪೂರ್ವದ ಅಂಚಿನಲ್ಲಿ. 40 ಅಡಿ ಅಗಲ, 60 ಅಡಿ ಉದ್ದ, ಒಟ್ಟು 2,400 ಚದರಡಿ. ಅಕ್ಕಪಕ್ಕದ ಬೀದಿಗಳಲ್ಲಿ ಅಡಿಗೆ ಮೂರೂವರೆ ಸಾವಿರ ಹೇಳುತ್ತಿದ್ದಾಗ ನಮಗೆ 2,800ಕ್ಕೆ ಸಿಕ್ಕಿತು. ಒಟ್ಟು 67 ಲಕ್ಷದ 20 ಸಾವಿರ. ಮುದ್ರಾಂಕ ಶುಲ್ಕ, ಸೆಸ್, ನೋಂದಣಿ ಸೇರಿ ಹತ್ತಿರ ಹತ್ತಿರ ನಾಲ್ಕೂವರೆ ಲಕ್ಷ ಬೇರೆ. ಚೌಕಾಸಿಯಲ್ಲಿ ಗೆದ್ದೆವು ಎಂದು ಆ ರಾತ್ರಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಬಂದೆವು. ಅಡಿಗೆ 700 ರೂಪಾಯಿ ಯಾಕೆ ಕಡಿಮೆ ಎಂದು ಕೇಳಬೇಕಾದವಳು ನಾನು. ಮನೆಯ ಲೆಕ್ಕ ಬರೆಯುವವಳು ನಾನೇ. ಕೇಳಲಿಲ್ಲ.

ಬ್ಯಾಂಕು 45 ಲಕ್ಷ ಸಾಲ ಕೊಟ್ಟಿತು. ಶೇಕಡಾ 10ರ ಬಡ್ಡಿ, 15 ವರ್ಷ, ತಿಂಗಳಿಗೆ 48 ಸಾವಿರ ಚಿಲ್ಲರೆ ಕಂತು. ಬ್ಯಾಂಕಿನ ವಕೀಲರು 30 ವರ್ಷದ ಕಾಗದಪತ್ರ ಜಾಲಾಡಿ “ಟೈಟಲ್ ಕ್ಲಿಯರ್” ಎಂದು ಬರೆದುಕೊಟ್ಟರು. ಅವರು ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಜಾಗ ಮಾರಿದವರದ್ದೇ, ಭೂಪರಿವರ್ತನೆ ಆಗಿದೆ, ಋಣಭಾರ ಇಲ್ಲ. ಆದರೆ ಜಾಗ ನಿಮ್ಮದು ಅನ್ನುವುದು ಒಂದು, ಅದರ ಮೇಲೆ ಮನೆ ಕಟ್ಟಬಹುದು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ವಕೀಲರ ಸಹಿ ಸಿಗುತ್ತದೆ. ಎರಡನೆಯದನ್ನು ನಮ್ಮ ಪರವಾಗಿ ಯಾರೂ ನೋಡಿರಲಿಲ್ಲ. ಬ್ಯಾಂಕಿನ ಮೌಲ್ಯಮಾಪಕರೂ ಪೂರ್ತಿ 2,400 ಅಡಿಗೆ ಬೆಲೆ ಕಟ್ಟಿಯೇ ಹೋಗಿದ್ದರು.

ಬೆಂಗಳೂರಿಗೆ ನದಿ ಇಲ್ಲ ಅನ್ನುತ್ತೇವೆ. ಊರು ದಿಣ್ಣೆಯ ಮೇಲೆ ಕೂತಿದೆ. ಬಿದ್ದ ಮಳೆ ಒಂದು ಕಡೆ ವೃಷಭಾವತಿ ಹಿಡಿದು ಅರ್ಕಾವತಿ, ಕಾವೇರಿಗೆ ಹೋಗುತ್ತದೆ. ಇನ್ನೊಂದು ಕಡೆ ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳಲ್ಲಿ ಇಳಿದು ದಕ್ಷಿಣ ಪಿನಾಕಿನಿ ಸೇರುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು ಒಯ್ಯುವ ದಾರಿಯೇ ರಾಜಕಾಲುವೆ. 2007ರ ಜೂನ್‌ನಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015 ಈ ಕಾಲುವೆಗಳನ್ನು ಮೂರು ದರ್ಜೆ ಮಾಡಿ, ನಡುಗೆರೆಯಿಂದ ಎರಡೂ ಕಡೆ ಪ್ರಾಥಮಿಕಕ್ಕೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್, ಅಂದರೆ ಏನನ್ನೂ ಕಟ್ಟದ ಜಾಗ, ಬಿಡಬೇಕು ಅಂದಿತು. ಕೆರೆಗೆ 30 ಮೀಟರ್. ಅದರಲ್ಲೇ ಇನ್ನೊಂದು ಮಾತಿದೆ, ಸೈಟು ಕೊಳ್ಳುವವರ ಕಣ್ಣಿಗೆ ಬೀಳದ್ದು. ಯೋಜನೆಯ ನಕ್ಷೆಯಲ್ಲಿ ಬಫರ್ ಗುರುತು ಹಾಕುವುದು ತಪ್ಪಿಹೋಗಿದ್ದರೂ, ಕಂದಾಯ ದಾಖಲೆಯಲ್ಲಿ ಕಾಲುವೆ ಇದ್ದರೆ ಬಫರ್ ಬಿಡಲೇಬೇಕು. ಅಂದರೆ ಬಣ್ಣಬಣ್ಣದ ಮಹಾಯೋಜನೆಯಲ್ಲಿ ನಿಮ್ಮ ಸೈಟು ಹಳದಿಯಾಗಿ, ವಸತಿ ಎಂದು ಕಂಡರೂ ಕೊನೆಯ ಮಾತು ಹಳೆಯ ಗ್ರಾಮ ನಕ್ಷೆಯದ್ದು.

ಕೊಂಡ ಒಂದು ವರ್ಷಕ್ಕೆ, 2016ರ ಮೇ 4ರಂದು, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶ ಬಂತು. ಬಫರ್ ಹೆಚ್ಚಿತು: ಕೆರೆಗೆ 75 ಮೀಟರ್, ಕಾಲುವೆಗಳಿಗೆ 50, 35, 25. ಅದೂ ನಡುಗೆರೆಯಿಂದಲ್ಲ, ಅಂಚಿನಿಂದ. ನಮ್ಮ ಹಿಂದಿನ ಹಳ್ಳ ತೃತೀಯ ಕಾಲುವೆ. 25 ಮೀಟರ್ ಅಂದರೆ 82 ಅಡಿ. ಸೈಟಿನ ಉದ್ದವೇ 60 ಅಡಿ. 2017ರಲ್ಲಿ ನಕ್ಷೆ ಮಂಜೂರಾತಿಗೆ ಅರ್ಜಿ ಹಾಕಿದಾಗ ಕೈಗೆ ಬಂದದ್ದು ಎರಡು ಸಾಲಿನ ಹಿಂಬರಹ. ಸದರಿ ಸ್ವತ್ತು ಸಂಪೂರ್ಣ ಬಫರ್ ವಲಯದಲ್ಲಿ ಬರುವುದರಿಂದ ಕೋರಿಕೆಯನ್ನು ಪರಿಗಣಿಸಲು ಅವಕಾಶವಿರುವುದಿಲ್ಲ. ನಮ್ಮನೆಯವರು ಆ ಕಾಗದವನ್ನು ಸ್ಕೂಟರಿನ ಡಿಕ್ಕಿಯಲ್ಲಿ ವಾರಗಟ್ಟಲೆ ಹೊತ್ತು ತಿರುಗಿದರು. ಮನೆಯೊಳಗೆ ತರಲು ಮನಸ್ಸು ಬರಲಿಲ್ಲವಂತೆ.

ಅದೇ ಹೊತ್ತಿಗೆ ಒಬ್ಬ ಏಜೆಂಟ್ ಬಂದ. ಮೂರು ಲಕ್ಷ ಕೊಟ್ಟರೆ “ಅಡ್ಜಸ್ಟ್” ಮಾಡಿಸುತ್ತೇನೆ, ಹಿಂದಿನ ತಾರೀಕಿನ ಲೈಸೆನ್ಸು ತರುತ್ತೇನೆ ಅಂದ. ಸಾಲಿನಲ್ಲಿ ಎರಡು ಮನೆ ಹಾಗೆಯೇ ಎದ್ದಿವೆ ಎಂದು ಬೆರಳು ಮಾಡಿ ತೋರಿಸಿದ. ಸುಳ್ಳು ಯಾಕೆ ಹೇಳಲಿ, ಆ ವಾರವೆಲ್ಲ ಮೂರು ಲಕ್ಷ ಹೇಗೆ ಹೊಂದಿಸುವುದು ಎಂದೇ ಯೋಚಿಸಿದ್ದೆ. ತಡೆದದ್ದು 2016ರ ಆಗಸ್ಟ್‌ನ ನೆನಪು. ಆ ತಿಂಗಳು ರಾಜಕಾಲುವೆ ಒತ್ತುವರಿ ತೆರವು ಟಿವಿಯಲ್ಲಿ ದಿನವಿಡೀ ಬರುತ್ತಿತ್ತು. ಜೆಸಿಬಿಯ ಮುಂದೆ ನಿಂತವರ ಕೈಯಲ್ಲಿ ಖಾತೆ, ತೆರಿಗೆ ರಸೀದಿ, ಮಂಜೂರಾದ ನಕ್ಷೆಗಳಿದ್ದವು. ಗೋಡೆ ಬಿದ್ದ ಮೇಲೂ ಗೃಹಸಾಲದ ಕಂತು ಬೀಳುವುದು ನಿಲ್ಲುವುದಿಲ್ಲ. ಏಜೆಂಟನಿಗೆ ಕಾಫಿ ಕೊಟ್ಟು ಕಳಿಸಿದೆವು.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ ಬಫರ್ ಹೆಚ್ಚಳವನ್ನು ರದ್ದು ಮಾಡಿತು. ಮಹಾಯೋಜನೆ ಕಾನೂನಿನ ಬಲದಿಂದ ಆದದ್ದು, ನ್ಯಾಯಮಂಡಳಿ ಅದನ್ನು ತಿದ್ದಲಾಗದು ಎಂಬುದು ಕಾರಣ. ನಾವು ಮತ್ತೆ 15 ಮೀಟರಿಗೆ, ನಡುಗೆರೆಗೆ ಬಂದೆವು. ಅಷ್ಟರಲ್ಲಿ ಸಾಲಕ್ಕೆ ನಾಲ್ಕು ವರ್ಷ ತುಂಬುತ್ತಿತ್ತು. ನನ್ನ ಲೆಕ್ಕದ ಪುಸ್ತಕದ ಪ್ರಕಾರ ಕಟ್ಟಿದ್ದು 23 ಲಕ್ಷ ಚಿಲ್ಲರೆ, ಅಸಲಿಗೆ ಹೋದದ್ದು ಆರು ಲಕ್ಷ ಚಿಲ್ಲರೆ. ಹದಿನೇಳು ಲಕ್ಷದ ಹತ್ತಿರ ಬರೀ ಬಡ್ಡಿ. ಆ ನಾಲ್ಕು ವರ್ಷ ಕಾಂಗ್ರೆಸ್ ಗಿಡ ಸಾಕಿದ ಖರ್ಚು ಅದು. ಮನೆ ಬಾಡಿಗೆ ಬೇರೆ. ಖಾಲಿ ಸೈಟಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಇಲ್ಲ. ಮನೆ ಕಟ್ಟಿ ಮುಗಿಸಿದ ಮೇಲೆಯೇ ಆ ಮಾತು. ಹಳೇ ತೆರಿಗೆ ಪದ್ಧತಿಯಲ್ಲಿ, ಸಾಲ ಪಡೆದ ಹಣಕಾಸು ವರ್ಷ ಮುಗಿದು 5 ವರ್ಷದೊಳಗೆ ಮನೆ ಮುಗಿಯದಿದ್ದರೆ ಸ್ವಂತ ವಾಸದ ಮನೆಗೆ 2 ಲಕ್ಷದ ಮಿತಿ 30 ಸಾವಿರಕ್ಕೆ ಇಳಿಯುತ್ತದೆ. ನಮ್ಮ ಗಡುವು 2021ರ ಮಾರ್ಚ್ 31. ಅದರ ಕಥೆ ಮುಂದೆ ಬರುತ್ತದೆ.

ಈ ಸಲ ಅರ್ಜಿಗೆ ಮೊದಲು ಅಳತೆ ಮಾಡಿಸೋಣ ಅಂದವರು ನಮ್ಮ ಎಂಜಿನಿಯರು. ನಡುಗೆರೆಯಿಂದ 15 ಮೀಟರ್ ಎಂದು ಹೇಳುವುದು ಸುಲಭ, ಯಾವ ನಡುಗೆರೆ? ಹಿಂದಿನ ಹಳ್ಳ ಅಷ್ಟರಲ್ಲಿ ಕಾಂಕ್ರೀಟಿನ ಚರಂಡಿಯಾಗಿತ್ತು. 8 ಅಡಿ ಅಗಲ, ನಮ್ಮ ಬೇಲಿಗೆ ಅಂಟಿಕೊಂಡೇ. ಅದರ ನಡು ನಮ್ಮ ಗಡಿಯಿಂದ 4 ಅಡಿ. ಅಲ್ಲಿಂದ ಹಿಡಿದರೆ 49 ಅಡಿಯಲ್ಲಿ 45 ಅಡಿ ನಮ್ಮ ಸೈಟಿನೊಳಗೆ ಬರುತ್ತದೆ. ಉಳಿಯುವುದು 15.

ಸಾಲಿನ ಎಂಟು ಸೈಟಿನವರು ಸೇರಿ, ಮೂಲ ಪಹಣಿದಾರರಾದ ಗೌಡರ ಕೈಯಲ್ಲಿ ಸಹಿ ಹಾಕಿಸಿ, ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಸರ್ಕಾರಿ ಅಳತೆಗೆ, ಅರ್ಜಿ ಕೊಟ್ಟೆವು. ಎಪ್ಪತ್ತು ದಾಟಿದ ಗೌಡರು ಅಳತೆಯ ದಿನ ಟವೆಲ್ಲು ಹೆಗಲಿಗೆ ಹಾಕಿಕೊಂಡು ತಾವೇ ಬಂದರು. ಚರಂಡಿ ನೋಡಿ ನಕ್ಕರು. “ಇದೇನ್ ಹಳ್ಳಾನಾ ಸ್ವಾಮಿ? ನಮ್ಮಪ್ಪನ ಕಾಲ್ದಾಗೆ ಇಲ್ಲಿ ಗಾಡಿ ಇಳಿಸಿ ಎತ್ತಿನ ಮೈ ತೊಳೀತಿದ್ರು. ಗಾಡಿ ತಿರುಗ್ಸೋವಷ್ಟು ಅಗಲ ಇತ್ತು” ಅಂದರು. ಭೂಮಾಪಕರು ಮಾತಾಡಲಿಲ್ಲ. ಟಿಪ್ಪಣಿಯ, ಅಂದರೆ ಹಳೆಯ ಸರ್ವೆ ನಕ್ಷೆಯ, ನಕಲನ್ನು ಕಾರಿನ ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಕಲ್ಲಿಟ್ಟರು. ಹಳೆಯ ಅಳತೆಯೆಲ್ಲ ಚೈನು–ಆಣೆಯಲ್ಲಿ: ಒಂದು ಚೈನು 33 ಅಡಿ, ಅದರ ಹದಿನಾರರಲ್ಲಿ ಒಂದು ಪಾಲು ಆಣೆ. ಪೇಟೆಯಲ್ಲಿ ಹೋಗಿ ಎಷ್ಟೋ ಕಾಲವಾದ ಆಣೆ ಸರ್ವೆಯಲ್ಲಿ ಇನ್ನೂ ನಡೆಯುತ್ತಿದೆ. ಮೂಲೆಯ ಬಾಂದುಕಲ್ಲು ಹುಡುಕಲು ಒಂದು ಗಂಟೆ ಹಿಡಿಯಿತು; ಯಾರೋ ಅದರ ಮೇಲೆ ತುಳಸಿಕಟ್ಟೆ ಕಟ್ಟಿಸಿದ್ದರು. ಕೊನೆಗೆ ಭೂಮಾಪಕರು ಹೇಳಿದ್ದು ಇಷ್ಟೇ: “ಹತ್ತಾಣೆ ಅಗಲ.”

ಹತ್ತಾಣೆ ಅಂದರೆ 20 ಅಡಿ ಚಿಲ್ಲರೆ. ಹಳ್ಳದ ಒಂದು ಅಂಚು ನಮ್ಮ ಗಡಿ, ಇನ್ನೊಂದು ಅಂಚು ಎದುರಿನ ಲೇಔಟಿನ ಕಾಂಪೌಂಡಿನ ಒಳಗೆ. ಅವರು ಹನ್ನೆರಡು ಅಡಿ ಅಗಲಕ್ಕೆ ಮಣ್ಣು ತುಂಬಿ, ಹಳ್ಳವನ್ನು ನಮ್ಮ ಕಡೆ ತಳ್ಳಿ, ಅಲ್ಲಿ ಮಕ್ಕಳ ಜಾರುಬಂಡೆ ಹಾಕಿದ್ದರು. ದಾಖಲೆಯ ನಡುಗೆರೆ ನಮ್ಮ ಗಡಿಯಿಂದ 10 ಅಡಿ ದೂರ. 49ರಲ್ಲಿ 10 ಕಳೆದರೆ ನಮ್ಮೊಳಗೆ 39, ನಮಗೆ ಉಳಿದದ್ದು 21. ಈಗಿನ ಚರಂಡಿಯಿಂದ ಅಳೆದಿದ್ದರೆ 15 ಆಗುತ್ತಿತ್ತು. ಆರು ಅಡಿ ವ್ಯತ್ಯಾಸ, 40 ಅಡಿ ಅಗಲಕ್ಕೆ 240 ಚದರಡಿ. ಕೊಂಡ ಬೆಲೆಯಲ್ಲೇ 6 ಲಕ್ಷದ 72 ಸಾವಿರ. ಇದಕ್ಕೆ ನಮಗೆ ಆದ ಖರ್ಚಿನಲ್ಲಿ ಸರ್ಕಾರಿ ಶುಲ್ಕಕ್ಕಿಂತ ಇಬ್ಬರೂ ರಜೆ ಹಾಕಿ ಕಳೆದುಕೊಂಡ ಎರಡು ದಿನದ ಸಂಬಳವೇ ಹೆಚ್ಚು. ಬಫರ್ ಎಂದ ಕೂಡಲೇ ಸರ್ಕಾರ ನಮ್ಮ ಜಾಗ ನುಂಗಿತು ಎಂದು ಬೈಯುವವರಲ್ಲಿ ನಾನೂ ಒಬ್ಬಳಾಗಿದ್ದೆ. ಆವತ್ತು ನುಂಗುತ್ತಿದ್ದದ್ದು ಎದುರಿನ ಜಾರುಬಂಡೆ. ಉಳಿಸಿಕೊಟ್ಟದ್ದು ಸರ್ಕಾರದ ಹಳೇ ಕಾಗದ.

ಆ ರಾತ್ರಿ ಲೆಕ್ಕದ ಪುಸ್ತಕದಲ್ಲಿ ಹೊಸದೊಂದು ಸಾಲು ಬರೆದೆ. 21 ಅಡಿ ಗುಣಿಸು 40, 840 ಚದರಡಿ. 67 ಲಕ್ಷದ 20 ಸಾವಿರವನ್ನು 840ರಿಂದ ಭಾಗಿಸಿದರೆ 8,000. ಅಡಿಗೆ 2,800 ಎಂದು ಕೊಂಡ ಸೈಟು ಕಟ್ಟಬಹುದಾದ ಜಾಗದ ಲೆಕ್ಕದಲ್ಲಿ ಅಡಿಗೆ ಎಂಟು ಸಾವಿರ ಬಿದ್ದಿತ್ತು. ಪಕ್ಕದ ಬೀದಿಯ ಮೂರೂವರೆ ಸಾವಿರದ ಸೈಟೇ ಅಗ್ಗ.

ಎರಡನೇ ಅರ್ಜಿಗೆ ಕ್ರಯಪತ್ರ, ಖಾತೆ, ಭೂಪರಿವರ್ತನೆ ಆದೇಶ, ಇಸಿಗಳ ಜೊತೆ ಗ್ರಾಮ ನಕ್ಷೆ, ಟಿಪ್ಪಣಿ, ಭೂಮಾಪಕರು ಸಹಿ ಮಾಡಿದ ಹದ್ದುಬಸ್ತು ನಕ್ಷೆ ಲಗತ್ತಿಸಿದೆವು. ಎಂಜಿನಿಯರು ಮನೆಯ ನಕ್ಷೆಯಲ್ಲೇ ದಾಖಲೆಯ ನಡುಗೆರೆ, ಚರಂಡಿಯ ಈಗಿನ ನಡುಗೆರೆ ಎರಡನ್ನೂ ಬೇರೆ ಬೇರೆ ಬಣ್ಣದಲ್ಲಿ ಎಳೆದು, 15 ಮೀಟರಿನ ಗಡಿಯನ್ನು ಕೆಂಪು ಚುಕ್ಕಿಗೆರೆಯಲ್ಲಿ ತೋರಿಸಿದರು. ಇದು ಸಣ್ಣ ವಿಷಯವಲ್ಲ. ಮೊದಲ ಅರ್ಜಿಯಲ್ಲಿ ನಾವು ಹಳ್ಳವನ್ನೇ ತೋರಿಸಿರಲಿಲ್ಲ, ತೋರಿಸದಿದ್ದರೆ ಗಮನಕ್ಕೆ ಬರಲಿಕ್ಕಿಲ್ಲ ಎಂಬ ಜಾಣತನ. ಬಚ್ಚಿಟ್ಟವರ ಅರ್ಜಿ ಎಂದಾದ ಮೇಲೆ ಪ್ರತಿ ಮೇಜಿನಲ್ಲೂ ಅನುಮಾನದಿಂದಲೇ ಓದುತ್ತಾರೆ. ಈ ಸಲ ಮೇಜಿನ ಆಚೆ ಕೂತವರು ಚುಕ್ಕಿಗೆರೆಯ ಮೇಲೆ ಸ್ಕೇಲಿಟ್ಟು ನೋಡಿ, ಮಳೆನೀರುಗಾಲುವೆ ವಿಭಾಗದ ಅಭಿಪ್ರಾಯ ಕೇಳಿ, ಸ್ಥಳಕ್ಕೂ ಬಂದು ಹೋದರು. 2020ರ ಫೆಬ್ರವರಿಯಲ್ಲಿ ಮಂಜೂರಾಯಿತು. ಮಾರ್ಚಿನಲ್ಲಿ ಲಾಕ್‌ಡೌನ್.

ಮನೆ ಮುಗಿದದ್ದು 2021ರ ಆಗಸ್ಟ್‌ನಲ್ಲಿ. ಗಡುವಿಗೆ ಐದು ತಿಂಗಳು ತಡ. ಸೈಟಿನ ಸಾಲದ ಬಡ್ಡಿಗೆ 30 ಸಾವಿರದ ಮಿತಿಯೇ ಗತಿ. ಮುಂದೆ ರಸ್ತೆ ಕಡೆ ಬಿಡಬೇಕಾದದ್ದನ್ನು ಬಿಟ್ಟರೆ ಮನೆಗೆ ಸಿಕ್ಕ ಆಳ 14 ಅಡಿ, ಅಗಲ 33. ಕೆಳಗೆ ಅಡುಗೆಮನೆ, ಹಾಲ್, ಮಾವನವರ ಕೋಣೆ ಒಂದರ ಪಕ್ಕ ಒಂದು, ಮೇಲೆ ನಮ್ಮದು. ಮಕ್ಕಳು ಇದಕ್ಕೆ “ಸ್ಲೀಪರ್ ಕೋಚ್” ಎಂದು ಹೆಸರಿಟ್ಟಿದ್ದಾರೆ. ಹಿಂದಿನ 39 ಅಡಿಯಲ್ಲಿ ಗೋಡೆ ಇಲ್ಲ, ಶೆಡ್ಡಿಲ್ಲ. ನುಗ್ಗೆ, ಬಾಳೆ, ಒಂದು ಸಾಲು ಕೆಸು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಸಾಗಿಸಿದ ಆ ದಿನಗಳಲ್ಲಿ ನೀರು ನಮ್ಮ ಕೆಸಿನ ಸಾಲು ದಾಟಿ ಬಾಳೆಯ ಬುಡಕ್ಕೆ ಬಂದು ನಿಂತಿತು. ಎದುರಿನ ಲೇಔಟಿನಲ್ಲಿ ಜಾರುಬಂಡೆಯ ಅರ್ಧ ಮಾತ್ರ ಕಾಣುತ್ತಿತ್ತು.

ಮೊನ್ನೆ ನನ್ನ ಚಿಕ್ಕಪ್ಪನ ಮಗ ಕನಕಪುರ ರಸ್ತೆಯ ಕಡೆ ಸೈಟು ನೋಡಿದ್ದೇನೆ ಅಕ್ಕಾ, ನಾಳೆ ಅಡ್ವಾನ್ಸು ಅಂದ. ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲಿ ನಿಲ್ಲು, ಸರ್ವೆ ನಂಬರು ಬರುತ್ತದೆ, ಕಳಿಸು ಅಂದೆ. ಕಳಿಸಿದ. ಪಹಣಿಯಲ್ಲಿ ಖರಾಬಿನ, ಅಂದರೆ ಸಾಗುವಳಿಗೆ ಸಲ್ಲದ ಜಾಗದ, ಕಾಲಂ ನೋಡಿದೆವು: ‘ಬಿ’ ಖರಾಬು ಮೂರು ಗುಂಟೆ. ‘ಬಿ’ ಅಂದರೆ ದಾರಿಯೋ ಹಳ್ಳವೋ, ಸಾರ್ವಜನಿಕರದ್ದು. ಅದನ್ನು ಯಾರೂ ಮಾರುವಂತಿಲ್ಲ. ಗ್ರಾಮ ನಕ್ಷೆ ತರಿಸಿದರೆ ಸರ್ವೆ ನಂಬರಿನ ಅಂಚಿನಲ್ಲಿ ಜೋಡಿ ಗೆರೆ ಬಳುಕುತ್ತಾ ಹೋಗಿತ್ತು. ನಕ್ಷೆ ಮಂಜೂರಾಗುವ ದಿನ ಅಲ್ಲಿ ಯಾವ ಬಫರ್ ನಿಯಮ ಇರುತ್ತದೋ ಅದೇ ಲೆಕ್ಕಕ್ಕೆ ಬರುವುದು, ನನ್ನ ಸೈಟಿನ ಆಯುಷ್ಯದಲ್ಲೇ ಅದು ಎರಡು ಸಲ ಬದಲಾಯಿತು ಎಂದು ಹೇಳಿ, ಇವತ್ತಿನ ನಿಯಮಕ್ಕೆ ಗೆರೆ ಎಳೆದು ಉಳಿಯುವ ಅಡಿಗಳನ್ನು ಲೆಕ್ಕ ಹಾಕಿಕೊಟ್ಟೆ. ಬೇಡ ಅನ್ನಲಿಲ್ಲ. ಕಟ್ಟಬಹುದಾದ ಅಡಿಗಷ್ಟೇ ಬೆಲೆ ಕೊಡುತ್ತೇನೆ, ಉಳಿದದ್ದಕ್ಕೆ ತೋಟದ ಬೆಲೆ ಎಂದು ಕೇಳು ಅಂದೆ. ಕೇಳಿದನಂತೆ. ಮಾರುವವರು ಚಹಾ ಕೂಡ ಕುಡಿಸದೆ ಕಳಿಸಿದರಂತೆ.

ಮುಂದಿನ ವಾರವೇ ಆ ಸೈಟು ಬೇರೆಯವರಿಗೆ ಹೋಯಿತು. ಅಲ್ಲೂ ನೀರು ಈಶಾನ್ಯಕ್ಕೇ ಇತ್ತು.